ಅಮ್ಮನ ಹಾಡೂ ಒಂದು ಗುಂಯ್‌ಗುಡುವಿಕೆಯೂ

ಸಂಪಾಜೆಯ ನಿವೃತ್ತ ಉಪಾಧ್ಯಾಯರೊಬ್ಬರ ನಡುಮನೆಯಲ್ಲಿ ಲ್ಯಾಪ್‌ಟಾಪೊಂದು ವಿರಾಜಮಾನವಾಗಿದೆ. ಅದಕ್ಕೆ ಮಗ ಬಿಟ್ಟುಹೋದ ಆಂಪ್ಲಿಫೈಯರು, ಹಳೆಯದೊಂದು ಜೊತೆ ಸ್ಪೀಕರು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ ಎಲ್ಲವೂ ಅದರೊಳಗುಂಟು. ಆದರೆ ಮೇಷ್ಟ್ರ ಜೀವವಿರುವುದು ಅವರ ತಾಯಿ ಹಾಡಿದ ಒಂದು ಶೋಭಾನೆಯಲ್ಲಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದು ಸುತ್ತಿನ ಜನ ಮನೆ ಬಿಟ್ಟು ಹೊರಟಾಗ ಮೂಲ ಕ್ಯಾಸೆಟ್ಟು ನೀರುಪಾಲಾಯಿತು. ಮಗ ಮೊದಲೇ ಇಳಿಸಿಟ್ಟಿದ್ದ ಪ್ರತಿಯೊಂದೇ ಉಳಿಯಿತು.

ಆ ಹಾಡಿನ ಹಿಂದೆ ಸದಾ ಒಂದು ಗುಂಯ್‌ಗುಡುವಿಕೆ! ತಾಯಿಯ ತಗ್ಗಿದ ದನಿ ಅದರಲ್ಲಿ ಮುಳುಗಿಹೋಗುತ್ತಿತ್ತು.

ಬೆಂಗಳೂರಿನಿಂದ ಮಗ ಪಟ್ಟಿ ಕಳುಹಿದ: ಹೊಸ ಸ್ಪೀಕರು, ಹೊಸ ಆಂಪ್ಲಿಫೈಯರು, 'ಡ್ಯಾಕ್' ಎಂಬ ಪೆಟ್ಟಿಗೆ. ಮೊತ್ತವನ್ನು ಕಂಡು ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹಳದಿ ಎಲೆ ರೋಗ ಅಡಕೆತೋಟವನ್ನು ವರ್ಷದಿಂದ ವರ್ಷಕ್ಕೆ ತಿನ್ನುತ್ತಿರುವ ಊರು ಅದು.

"ಅತ್ತೆಯ ಹಾಡು ನನಗೂ ಬೇಕು. ಆದರೆ ಮೊದಲು ಯಾರಿಗಾದರೂ ತೋರಿಸಿ ನೋಡಿ," ಎಂದರು ಮನೆಯಾಕೆ.

ಸುಳ್ಯದಿಂದ ರೇಡಿಯೋ ರಿಪೇರಿಯವರೊಬ್ಬರು ಬಂದರು. ಏನನ್ನೂ ಬಿಚ್ಚದೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತರು. ಗುಂಯ್‌ಗುಡುವಿಕೆ ತಟ್ಟನೆ ನಿಂತಿತು! ಲ್ಯಾಪ್‌ಟಾಪಿಗೆ ಒಂದು ಗೋಡೆಯ ಕರೆಂಟು, ಆಂಪ್ಲಿಫೈಯರಿಗೆ ಇನ್ನೊಂದು ಗೋಡೆಯದು. ಎರಡರ ಅರ್ಥ್ ತಂತಿಗಳೂ ನಡುವಿನ ಕೇಬಲ್ಲೂ ಸೇರಿ ಒಂದು ಬಳೆಯಾಗಿ, ಅದರಲ್ಲಿ ಸೆಕೆಂಡಿಗೆ 50 ಆವರ್ತನದ ವಿದ್ಯುತ್ತು ಸುಳಿಯುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದ್ದಾಯಿತು. ಕಾಸಿನ ಖರ್ಚಿಲ್ಲ.

ಆದರೂ ಮೌಸನ್ನು ಅಲುಗಿಸಿದಾಗಲೆಲ್ಲ ಜೀರುಂಡೆಯಂಥ ಸಣ್ಣ ಚಿರಿಚಿರಿ ಉಳಿಯಿತು. ಅದು ಯಂತ್ರದ ಒಡಲಿನದೇ ಗದ್ದಲ. ಡ್ಯಾಕ್ ಬೇಕಾಗುವುದು ಇಲ್ಲಿ. ಅಂಕಿಗಳನ್ನು ನಾದವಾಗಿ ಮಾರ್ಪಡಿಸುವ ಕೆಲಸವನ್ನು ಅದು ಕಂಪ್ಯೂಟರಿನ ಹೊರಗೆ ನಡೆಸುತ್ತದೆ. ಸಿ.ಡಿ.ಯಲ್ಲಾದರೆ ಪ್ರತಿ ಸೆಕೆಂಡಿಗೆ 44,100 ಅಳತೆಗಳು, ಒಂದೊಂದೂ 16 ಬಿಟ್. ಅದಕ್ಕೆ ಸಣ್ಣ ಡ್ಯಾಕೇ ಧಾರಾಳ. ಕ್ಯಾಸೆಟ್ಟು ಕಳೆದುಕೊಂಡ ನಾದವನ್ನು ಲಕ್ಷ ರೂಪಾಯಿಯ ಪೆಟ್ಟಿಗೆಯೂ ಮರಳಿ ಹುಟ್ಟಿಸಲಾರದು. ಮೇಷ್ಟ್ರು ಚಿಕ್ಕದನ್ನೇ ತರಿಸಿದರು. ನಾದದ ಗುಣವನ್ನು ಹೆಚ್ಚು ಬದಲಿಸುವುದು ಸ್ಪೀಕರೇ ಎಂಬ ಮಗನ ಮಾತೇನೋ ದಿಟ. ಆದರೆ ಮೂಲೆಯಲ್ಲಿ ಡಬಡಬಿಸುತ್ತಿದ್ದ ಹಳೆಯವನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದುದರಿಂದಲೇ ದನಿ ಎಷ್ಟೋ ತಿಳಿಯಾಯಿತು. ಹೊಸ ಸ್ಪೀಕರಿನ ಮಾತು ಮುಂದಿನ ಕೊಯ್ಲಿಗೆ ಹೋಯಿತು.

ಡ್ಯಾಕ್ ಬಂದ ದಿನ ಆಟಿ ತಿಂಗಳ ಮಳೆ ಹಿಡಿಯಿತು. ತಗಡಿನ ಮಾಡಿನ ಮೇಲಣ ಆ ಆರ್ಭಟಕ್ಕೆ ಯಾವ ಅಂಗಡಿಯಲ್ಲಿ ಔಷಧವಿದೆ? ರಾತ್ರಿ ಹತ್ತರ ಸುಮಾರಿಗೆ ಮಳೆ ಕೊಂಚ ಹೊಳವಾದಾಗ ಮೇಷ್ಟ್ರು ಹಾಡು ಹಚ್ಚಿದರು. ತಾಯಿ ಉಸಿರೆಳೆದುಕೊಂಡದ್ದು ಕೇಳಿಸಿತು. ಎರಡು ಸೊಲ್ಲುಗಳ ನಡುವೆ, ಬಲು ದೂರದಲ್ಲಿ, ಟಿಣ್ ಎಂದೊಂದು ಸದ್ದು.

ಒಳಗಿನಿಂದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತರು.

"ನಮ್ಮ ಕೆಂಪಿಯ ಕೊರಳಗಂಟೆ ಅಲ್ಲವೇ ಅದು?"

ಮೇಷ್ಟ್ರು ಮಾತಾಡಲಿಲ್ಲ. ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದರು.