ದುಂಡು ಮೊಹರು

ಸರ್ಕಾರದ ಒಳಗೆ ನಡೆಯುವ ಸಂಚನ್ನೇ ಕತೆ ಮಾಡಿಕೊಂಡ ಕಾದಂಬರಿಗೆ ಇಂಗ್ಲಿಷಿನವರು ಪೊಲಿಟಿಕಲ್ ಥ್ರಿಲ್ಲರ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ನಾಲಗೆಗೆ ಕೂತ ಹೆಸರಿಲ್ಲ. ರಾಜಕೀಯ ರೋಮಾಂಚಕ ಕಾದಂಬರಿ ಎಂದರೆ ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಪತ್ತೇದಾರಿ ಎನ್ನೋಣವೆಂದರೆ ಅದರ ದಾರಿಯೇ ಬೇರೆ. ಪತ್ತೇದಾರಿಯಲ್ಲಿ ಕೊಲೆಯಾದ ಮೇಲೆ ಕತೆ ಶುರು, ಕೊಂದವನು ಸಿಕ್ಕಿದರೆ ಮುಗಿಯಿತು. ಇಲ್ಲಿ ಕೇಡು ಬಗೆಯುವವನು ಯಾರೆಂಬುದು ಬಹಳ ಸಲ ಮೊದಲೇ ಗೊತ್ತಿರುತ್ತದೆ. ಅವನು ಮಂತ್ರಿಯೋ ಸೇನಾಧಿಕಾರಿಯೋ ಆಗಿದ್ದು, ಎದುರಿಗೆ ಸಿಕ್ಕವರೆಲ್ಲ ಅವನಿಗೆ ನಮಸ್ಕಾರ ಮಾಡುತ್ತಿರುತ್ತಾರೆ. ಓದುಗನಿಗೆ ಉಳಿಯುವುದು ‘ಹೇಗೆ’ ಎಂಬ ಒಂದೇ ಕುತೂಹಲ. ಕಾಗದ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು, ಸಹಿ ಯಾರದು, ಆ ಹೊತ್ತಿಗೆ ಮೊಹರು ಯಾರ ಕೈಯಲ್ಲಿತ್ತು.

ಮೊಹರಿನ ವಿಷಯದಲ್ಲಿ ಈ ಪ್ರಬಂಧ ಬರೆಯುತ್ತಿರುವ ಓದುಗನಿಗೆ ಸ್ವಂತ ಅನುಭವವುಂಟು. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕಚೇರಿಯ ಗುಮಾಸ್ತರ ಮಗ. ಮುಂದೆ ತಾನೂ ಗುಮಾಸ್ತ. ಏಳು ವರ್ಷದವನಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದವನು, ಮೇಜಿನ ಮೇಲಿದ್ದ ಹಿತ್ತಾಳೆಯ ದುಂಡು ಮೊಹರನ್ನು ನೇರಳೆ ಮಸಿಯ ಪ್ಯಾಡಿಗೆ ಅದ್ದಿ ಅಂಗೈಗೆ ಒತ್ತಿಕೊಂಡ. ಅಪ್ಪ ಬೈಯಲಿಲ್ಲ. ಎದ್ದು ನಿಂತು ಸುತ್ತ ಯಾರಾದರೂ ನೋಡಿದರೇನೋ ಎಂದು ಕಣ್ಣು ಹಾಯಿಸಿ, ಮಗನನ್ನು ನಲ್ಲಿಯ ಹತ್ತಿರ ಎಳೆದೊಯ್ದು ಸಾಬೂನು ಹಚ್ಚಿ ತಿಕ್ಕಿದರು. ಮಸಿ ಮೂರು ದಿನ ಹೋಗಲಿಲ್ಲ. ಆ ಮೂರು ದಿನವೂ ಹುಡುಗ ಮುಷ್ಟಿ ಬಿಗಿಹಿಡಿದೇ ಶಾಲೆಗೆ ಹೋದ. “ಅದು ಬಿದ್ರೆ ಸರ್ಕಾರದ ಮಾತು ಬಿದ್ದಂಗೆ ಕಣೋ” ಎಂದಿದ್ದರು ಅಪ್ಪ. ಕೈಯೊಳಗೆ ಸರ್ಕಾರದ ಮಾತನ್ನು ಬಚ್ಚಿಟ್ಟುಕೊಂಡು ಮಗ್ಗಿ ಹೇಳುವುದು ಸುಲಭವಲ್ಲ.

ಮೊಹರೊಂದು ತಪ್ಪು ಕೈಗೆ ಸಿಕ್ಕರೆ ರಾಜ್ಯವೇ ತಿರುವುಮುರುವಾಗುತ್ತದೆ ಎಂಬ ಕತೆ ಈ ದೇಶದಲ್ಲಿ ಬಹಳ ಹಳೆಯದು. ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ ನಿಂತಿರುವುದೇ ಒಂದು ಉಂಗುರದ ಮೇಲೆ. ನಂದರ ಮಂತ್ರಿ ರಾಕ್ಷಸ ಊರು ಬಿಡುವಾಗ ಹೆಂಡತಿ ಮಕ್ಕಳನ್ನು ಪಾಟಲಿಪುತ್ರದ ರತ್ನವ್ಯಾಪಾರಿ ಚಂದನದಾಸನ ಮನೆಯಲ್ಲಿ ಗುಟ್ಟಾಗಿ ಇರಿಸಿ, ತನ್ನ ಮುದ್ರೆಯುಂಗುರವನ್ನು ಹೆಂಡತಿಯ ಕೈಗೆ ಕೊಟ್ಟಿರುತ್ತಾನೆ. ಯಮನ ಚಿತ್ರಪಟ ಬಿಚ್ಚಿ ಹಾಡುತ್ತ ಬೇಡುವವನ ವೇಷದಲ್ಲಿ, ನಂದರನ್ನು ಕೆಡವಿ ಚಂದ್ರಗುಪ್ತನನ್ನು ಪಟ್ಟಕ್ಕೆ ಕೂರಿಸಿದ ಚಾಣಕ್ಯನ ಬೇಹಿನವನು ಆ ಮನೆಗೆ ಬರುತ್ತಾನೆ. ಹಾಡು ಕೇಳಿ ಐದು ವರ್ಷದ ಮಗುವೊಂದು ಹೊರಗೋಡಿ ಬರುತ್ತದೆ. ಒಳಗೆ ಹೆಂಗಸರ ಗಾಬರಿ. ಬಾಗಿಲ ಸಂದಿಯಿಂದ ಚಾಚಿದ ಕೈಯೊಂದು ಮಗುವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಂಡಸಿನ ಬೆರಳ ಅಳತೆಯ ಉಂಗುರ ಆ ಸಣ್ಣ ಬೆರಳಿನಿಂದ ಜಾರಿ, ಉರುಳಿ, ಬೇಹಿನವನ ಕಾಲ ಬಳಿ ಬಂದು ನಿಲ್ಲುತ್ತದೆ. ಕಳೆದುಕೊಂಡವಳಿಗೆ ಅದು ಗೊತ್ತೂ ಆಗುವುದಿಲ್ಲ.

ಅಲ್ಲಿಂದ ಮುಂದಿನದು ಕಚೇರಿ ಕೆಲಸ. ಹೆಸರು ವಿಳಾಸ ಯಾವುದೂ ಇಲ್ಲದ ಒಂದು ಪತ್ರವನ್ನು ರಾಕ್ಷಸನ ಸ್ನೇಹಿತನ ಕೈಬರಹದಲ್ಲೇ ಬರೆಸಿ, ರಾಕ್ಷಸನ ಮುದ್ರೆ ಒತ್ತಿ, ಸಿಕ್ಕಿಬೀಳಬೇಕಾದ ಜಾಗದಲ್ಲಿ ಸಿಕ್ಕಿಬೀಳುವಂತೆ ಚಾಣಕ್ಯ ಕಳಿಸುತ್ತಾನೆ. ಚಂದ್ರಗುಪ್ತನ ಎದುರಾಳಿ ರಾಜಕುಮಾರ ಮಲಯಕೇತು ಅದನ್ನು ನೋಡಿ ತನ್ನ ಪರವಾಗಿದ್ದ ಮಂತ್ರಿಯ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತಾನೆ. ರಾಕ್ಷಸನೂ ಸುಮ್ಮನಿದ್ದವನಲ್ಲ. ಚಂದ್ರಗುಪ್ತನ ಶಯನಗೃಹದ ಗೋಡೆಯೊಳಗೆ ಸುರಂಗ ತೋಡಿಸಿ ಕೊಲೆಗಾರರನ್ನು ಕೂರಿಸಿರುತ್ತಾನೆ. ರಾಜ ಮಲಗುವ ಮೊದಲು ಚಾಣಕ್ಯ ಕೋಣೆಯನ್ನೊಮ್ಮೆ ನೋಡುತ್ತಾನೆ. ಗೋಡೆಯ ಬಿರುಕಿನಿಂದ ಇರುವೆಗಳ ಸಾಲು ಹೊರಟಿದೆ, ಬಾಯಲ್ಲಿ ಅನ್ನದ ಅಗುಳು. ಗೋಡೆಯೊಳಗೆ ಊಟ ಮಾಡುವವರಿದ್ದಾರೆ ಎಂದಾಯಿತು. ಮನೆಗೆ ಬೆಂಕಿ ಹಾಕಿಸುತ್ತಾನೆ. ಇಂಗ್ಲಿಷಿನ ಥ್ರಿಲ್ಲರುಗಳನ್ನು ಗುಡ್ಡೆ ಹಾಕಿಕೊಂಡು ಓದಿದ ಮೇಲೂ ಈ ಇರುವೆ ಸಾಲಿಗೆ ಸಮನಾದ ಸುಳಿವು ಈ ಓದುಗನಿಗೆ ಸಿಕ್ಕಿಲ್ಲ. ಇಷ್ಟೆಲ್ಲ ಮಾಡಿ ಚಾಣಕ್ಯ ಸಾಧಿಸುವುದಾದರೂ ಏನು? ರಾಕ್ಷಸನ ತಲೆಯನ್ನಲ್ಲ. ಅವನು ಚಂದ್ರಗುಪ್ತನ ಮಂತ್ರಿ ಪದವಿಯನ್ನು ಒಪ್ಪಿಕೊಳ್ಳಬೇಕು, ಅಷ್ಟೆ. ಏಳು ಅಂಕದ ಸಂಚೆಲ್ಲ ಒಂದು ನೇಮಕಾತಿ ಆದೇಶಕ್ಕಾಗಿ.

ಈ ಕತೆ ಕನ್ನಡಕ್ಕೆ ಬಂದ ಕಾಲವೂ ಗಮನಿಸತಕ್ಕದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಕೆಂಪುನಾರಾಯಣ ಇದೇ ಚಾಣಕ್ಯ ರಾಕ್ಷಸರ ವೃತ್ತಾಂತವನ್ನು 1823ರಲ್ಲಿ ‘ಮುದ್ರಾಮಂಜೂಷ’ ಎಂಬ ಗದ್ಯಗ್ರಂಥವಾಗಿ ಬರೆದ. ಹಳಗನ್ನಡದ ಬಿಗಿಯಿಂದ ಹೊಸಗನ್ನಡ ಗದ್ಯ ಬಿಡಿಸಿಕೊಳ್ಳುತ್ತಿದ್ದ ಹೊತ್ತಿನ ಮುಖ್ಯ ಕೃತಿ ಎಂದು ಸಾಹಿತ್ಯ ಚರಿತ್ರೆಗಳು ಇದನ್ನು ಗುರುತಿಸುತ್ತವೆ. ಹೊಸಗನ್ನಡ ಗದ್ಯ ತೊದಲು ನುಡಿಯುವಾಗಲೇ ಅದರ ಬಾಯಲ್ಲಿದ್ದದ್ದು ಬೇಹುಗಾರಿಕೆ, ಕಳ್ಳಪತ್ರ, ವಿಷಪ್ರಯೋಗ. ಆಮೇಲೆ ಅದು ಸಭ್ಯವಾಯಿತು. 1899ರ ‘ಇಂದಿರಾಬಾಯಿ’ಯಿಂದ ಶುರುವಾಗಿ ಕಾದಂಬರಿ ಮನೆಯೊಳಗೆ ಹೊಕ್ಕು, ಮದುವೆ, ವೈಧವ್ಯ, ಮಡಿ, ಆಸ್ತಿ ಇವುಗಳ ನಡುವೆಯೇ ಬಹುಕಾಲ ಕೂತುಬಿಟ್ಟಿತು. ಅರಮನೆಯ ಸಂಚು ನಾಟಕದವರ ಪಾಲಾಯಿತು.

ಮೈಸೂರಿಗೂ ಚಾಣಕ್ಯನಿಗೂ ಇನ್ನೊಂದು ನಂಟಿದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಇಲ್ಲಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ, ಚಾಣಕ್ಯನೇ ಎಂದು ನಂಬಲಾದ ಕೌಟಿಲ್ಯನ ‘ಅರ್ಥಶಾಸ್ತ್ರ’ ಇರುವುದನ್ನು 1905ರಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿ. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದವು. ಸನ್ಯಾಸಿಯಾಗಿ, ವ್ಯಾಪಾರಿಯಾಗಿ, ಒಕ್ಕಲಿಗನಾಗಿ, ಭಿಕ್ಷುಣಿಯಾಗಿ ತಿರುಗುವ ಬೇಹಿನವರ ಬಗೆಗಳು ಅದರಲ್ಲಿವೆ. ವಿಷವಿಕ್ಕುವವನಿಗೆ ಬೇರೆಯದೇ ಹೆಸರಿದೆ. ಖಜಾನೆಯ ಹಣ ನುಂಗುವ 40 ವಿಧಗಳ ಪಟ್ಟಿಯೂ ಇದೆ. ಆ ಪಟ್ಟಿಯನ್ನು ಈ ಓದುಗ ತನ್ನ ಕಚೇರಿಯ ಅನುಭವದೊಂದಿಗೆ ಒಂದು ಭಾನುವಾರ ತಾಳೆ ಹಾಕಿ ನೋಡಿದ್ದಾನೆ. ಫಲಿತಾಂಶ ಅವನ ಬಳಿಯೇ ಇರಲಿ.

ನಾಟಕದವರಲ್ಲಿ ಮೊದಲು ಹೇಳಬೇಕಾದವರು ಸಂಸ. 1638ರಲ್ಲಿ ಮೈಸೂರಿನ ಎಳೆಯ ದೊರೆ ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದನೆಂದು ಚರಿತ್ರೆ ಹೇಳುವ ದಳವಾಯಿ ವಿಕ್ರಮರಾಯನೇ ಅವರ ‘ವಿಗಡ ವಿಕ್ರಮರಾಯ’ದ ಕೇಂದ್ರ. ಒಳಸಂಚನ್ನು ಅಷ್ಟು ಬಿಗಿಯಾಗಿ ಬರೆದ ಸಂಸರಿಗೆ, ಪೊಲೀಸರು ತನ್ನ ಬೆನ್ನು ಹತ್ತಿದ್ದಾರೆಂಬ ಭಯ ಬದುಕಿನುದ್ದಕ್ಕೂ ಕಾಡಿತು. ಊರಿಂದೂರಿಗೆ ಅಲೆದು 1939ರಲ್ಲಿ ಪ್ರಾಣ ಕಳೆದುಕೊಂಡರು. ಗಿರೀಶ ಕಾರ್ನಾಡರ ‘ತುಘಲಕ್’ ಬಂದದ್ದು 1964ರಲ್ಲಿ. ಪ್ರಾರ್ಥನೆಯ ಹೊತ್ತಿಗೆ ಸುಲ್ತಾನನನ್ನು ಮುಗಿಸಬೇಕೆಂದು ಅಮೀರರು ಹೂಡುವ ಸಂಚು, ಅದು ಮೊದಲೇ ತಿಳಿದಿದ್ದೂ ನಮಾಜಿಗೆ ಕೂರುವ ಸುಲ್ತಾನ, ಕೊನೆಗೆ ತಾನೇ ಇರಿದು ಕೊಂದವನನ್ನು ತನ್ನ ಪ್ರಾಣ ಉಳಿಸಿದ ಹುತಾತ್ಮನೆಂದು ಸಾರುವುದು. ಕೊಲೆಗಿಂತ ಆ ಪ್ರಕಟಣೆ ಹೆಚ್ಚು ನಡುಕ ಹುಟ್ಟಿಸುತ್ತದೆ.

ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿಯ ಹಿರಿಯಣ್ಣ ಎನ್ನಬಹುದಾದ ‘ದಿ ರಿಡಲ್ ಆಫ್ ದಿ ಸ್ಯಾಂಡ್ಸ್’ 1903ರದು. ಇಬ್ಬರು ಆಂಗ್ಲರು ದೋಣಿ ವಿಹಾರಕ್ಕೆ ಹೋಗಿ, ಜರ್ಮನಿಯು ಇಂಗ್ಲೆಂಡಿನ ಮೇಲೆ ದಂಡೆತ್ತಲು ಹವಣಿಸುತ್ತಿರುವುದನ್ನು ಕಂಡುಕೊಳ್ಳುವ ಕತೆ. ಬರೆದ ಅರ್ಸ್ಕಿನ್ ಚಿಲ್ಡರ್ಸ್ ಆಗ ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಗುಮಾಸ್ತ. ಹೀಗೆ ಈ ಪ್ರಕಾರದ ಮೂಲಪುರುಷನೊಬ್ಬ ಕಡತ ಕಟ್ಟುವ ಜಾತಿಯವನೇ ಎಂದು ತಿಳಿದ ದಿನ ಈ ಓದುಗ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದ. ಚಿಲ್ಡರ್ಸನ ಕೊನೆ ಗೊತ್ತಾದದ್ದು ಆಮೇಲೆ: ಅವನು ಐರ್ಲೆಂಡಿನ ಪರ ಹೋರಾಟಕ್ಕೆ ಇಳಿದ, ಅಂತರ್ಯುದ್ಧದ ಸಮಯದಲ್ಲಿ ಪಿಸ್ತೂಲು ಇಟ್ಟುಕೊಂಡ ತಪ್ಪಿಗೆ 1922ರ ನವೆಂಬರಿನಲ್ಲಿ ಅಲ್ಲಿನ ಹೊಸ ಸರ್ಕಾರವೇ ಅವನನ್ನು ಗುಂಡಿಟ್ಟು ಕೊಂದಿತು. 1973ರಲ್ಲಿ ಅದೇ ದೇಶಕ್ಕೆ ಅವನ ಮಗ ಅಧ್ಯಕ್ಷನಾದ.

ಅಮೆರಿಕದ ಸರದಿ ಬಂದದ್ದು ಶೀತಲ ಸಮರದ ದಿನಗಳಲ್ಲಿ. ಆಲನ್ ಡ್ರೂರಿಯ ‘ಅಡ್ವೈಸ್ ಆ್ಯಂಡ್ ಕನ್ಸೆಂಟ್’ 1959ರದು. ಅದೂ ನೇಮಕಾತಿಯದೇ ಕತೆ, ವಿದೇಶಾಂಗ ಮಂತ್ರಿಯದು. 1962ರ ‘ಸೆವೆನ್ ಡೇಸ್ ಇನ್ ಮೇ’ಯಲ್ಲಿ ಸೇನಾ ಮುಖ್ಯಸ್ಥನೇ ಅಧ್ಯಕ್ಷನನ್ನು ಇಳಿಸಲು ಹೊರಟಿರುತ್ತಾನೆ. ಗುಟ್ಟು ಬಿರುಕು ಬಿಡುವುದು ಕುದುರೆ ಜೂಜಿನ ನೆಪದಲ್ಲಿ ಸೇನಾಧಿಪತಿಗಳಿಗೆ ಹೋದ ಒಂದು ಸಂದೇಶದಿಂದ. ಅಧ್ಯಕ್ಷ ಕೆನಡಿ ಈ ಪುಸ್ತಕ ಓದಿ ಮೆಚ್ಚಿದ್ದರು, ಶ್ವೇತಭವನದ ಹೊರಗೆ ಸಿನಿಮಾದ ಚಿತ್ರೀಕರಣಕ್ಕೆ ಅನುಕೂಲವನ್ನೂ ಮಾಡಿಕೊಟ್ಟಿದ್ದರು. 1964ರಲ್ಲಿ ಸಿನಿಮಾ ತೆರೆಗೆ ಬರುವಷ್ಟರಲ್ಲಿ ಅವರೇ ಇರಲಿಲ್ಲ.

ಮೈಸೂರು, ಬೆಂಗಳೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಪಾಟಿನಲ್ಲಿ ಇವೆಲ್ಲಕ್ಕಿಂತ ಹೆಚ್ಚು ಸವೆದದ್ದು ಫ್ರೆಡರಿಕ್ ಫೋರ್ಸಿತ್‌ನ ‘ದಿ ಡೇ ಆಫ್ ದಿ ಜಕಾಲ್’. ಈ ಓದುಗ ಅಲ್ಲಿಗೆ ಹತ್ತಿದ್ದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಆಮೇಲೆ, ಪದವಿಯ ಕೊನೆಯ ವರ್ಷ, ಇಂಗ್ಲಿಷ್ ಸುಧಾರಿಸಲಿ ಎಂಬ ನೆಪದಲ್ಲಿ ದಿನಕ್ಕೆ 50 ಪೈಸೆ ಬಾಡಿಗೆಯ ಫೋರ್ಸಿತ್. ಪುಸ್ತಕದ ಬೆನ್ನಿಗೆ ಖಾಕಿ ಕಾಗದ, ಒಳಗೆ ಯಾರದೋ ವೀಳ್ಯದ ಕಲೆ, ಕೆಲವು ಪುಟದ ಅಂಚಿನಲ್ಲಿ ‘ಸೂಪರ್’ ಎಂಬ ಷರಾ.

ಫೋರ್ಸಿತ್ 1962ರಿಂದ ಪ್ಯಾರಿಸ್ಸಿನಲ್ಲಿ ರಾಯಿಟರ್ಸ್ ವರದಿಗಾರನಾಗಿದ್ದವನು. ಅಲ್ಜೀರಿಯಕ್ಕೆ ಸ್ವಾತಂತ್ರ್ಯ ಕೊಟ್ಟರೆಂಬ ಸಿಟ್ಟಿಗೆ ಆ ವರ್ಷದ ಆಗಸ್ಟ್ 22ರಂದು ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರ ಕಾರಿನ ಮೇಲೆ ಗುಂಡಿನ ಮಳೆಗರೆದದ್ದು ನಡೆದ ಸಂಗತಿ. ಕಾದಂಬರಿ ಅಲ್ಲಿಂದ ಹೊರಟು, ಅವರನ್ನು ಕೊಲ್ಲಲು ಗೊತ್ತುಮಾಡಿದ ಬಾಡಿಗೆ ಕೊಲೆಗಾರನ ಕಟ್ಟುಕತೆಗೆ ದಾಟುತ್ತದೆ. 1970ರ ಆರಂಭದಲ್ಲಿ, ಕೈ ಬರಿದಾಗಿದ್ದಾಗ, 35 ದಿನಗಳಲ್ಲಿ ಅದನ್ನು ಬರೆದು ಮುಗಿಸಿದ. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರುಗಿಸಿದರು. ದ ಗಾಲ್ ಕೊಲೆಯಾಗಲಿಲ್ಲವೆಂದು ಲೋಕಕ್ಕೆಲ್ಲ ಗೊತ್ತಿರುವಾಗ ಇದನ್ನು ಓದುವವರಾರು ಎಂಬುದು ಅವರ ತಕರಾರು. 1971ರಲ್ಲಿ ಪುಸ್ತಕ ಬಂತು. ಓದುವವರಾರೆಂಬುದು ಬೇಗನೆ ತಿಳಿಯಿತು.

ಈ ಓದುಗನನ್ನು ಹಿಡಿದು ಕೂರಿಸಿದ್ದು ಬಂದೂಕಲ್ಲ, ಅರ್ಜಿ ನಮೂನೆ. ಎಳವೆಯಲ್ಲೇ ತೀರಿಕೊಂಡ ಒಂದು ಮಗುವಿನ ಹೆಸರನ್ನು ಕೊಲೆಗಾರ ಹಳ್ಳಿಯ ಸ್ಮಶಾನದ ಕಲ್ಲಿನಿಂದ ಎತ್ತಿಕೊಳ್ಳುತ್ತಾನೆ. ಜನನ ದಾಖಲೆಯ ಕಚೇರಿಗೆ ಶುಲ್ಕ ಕಟ್ಟಿ ಆ ಮಗುವಿನ ಪ್ರಮಾಣಪತ್ರದ ಪ್ರತಿ ಪಡೆಯುತ್ತಾನೆ. ಅದರ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ. ಅರ್ಜಿದಾರನನ್ನು ಬಲ್ಲೆ ಎಂದು ಪಾದ್ರಿ ಸಹಿ ಹಾಕಬೇಕಾದ ಕಡೆ ತಾನೇ ಸಹಿ ಹಾಕಿ, ಮಾಡಿಸಿಕೊಂಡ ರಬ್ಬರ್ ಮೊಹರನ್ನು ಒತ್ತುತ್ತಾನೆ. ಜನನದ ವಹಿಯನ್ನೂ ಮರಣದ ವಹಿಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಪದ್ಧತಿ ಅಲ್ಲಿರಲಿಲ್ಲ. ಈ ಬಗೆಯ ವಂಚನೆಗೆ ಬ್ರಿಟನ್ನಿನಲ್ಲಿ ಕಾದಂಬರಿಯ ಹೆಸರೇ ಅಂಟಿಕೊಂಡಿತು. ಬಾಗಿಲ ಸಂದಿಯಿಂದ ಉಂಗುರ ಉರುಳಿಬಂದ ಹಾಗೆಯೇ ಇದು ಎಂದು ಓದುಗನಿಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ‘ಮುದ್ರಾರಾಕ್ಷಸ’ ಓದಿದಾಗ.

ಲೈಬ್ರರಿಯ ಆ ಪ್ರತಿಗೆ ಕೊನೆಯ ಹಾಳೆಗಳಿರಲಿಲ್ಲ. ಕೊಲೆಗಾರ ಮಹಡಿಯ ಕಿಟಕಿಯಲ್ಲಿ ಬಂದೂಕು ಗುರಿಯಿಟ್ಟಿದ್ದಾನೆ, ಕೆಳಗೆ ಸಮಾರಂಭ, ಅಷ್ಟಕ್ಕೆ ದಾರ ಹೊರಬಂದಿತ್ತು. ಹೋಗಿ ಕೇಳಿದರೆ ಲೈಬ್ರರಿಯವರು ತಲೆಯೆತ್ತದೆ ಹೇಳಿದರು: “ದ ಗಾಲ್ ಸಾಯಲ್ಲ ಸಾರ್, ಅಷ್ಟು ಸಾಕಲ್ಲ?” ಸಾಲಲಿಲ್ಲ. ಪದಕ ತೊಡಿಸಿದ ಅಧ್ಯಕ್ಷ, ಫ್ರೆಂಚರ ಪದ್ಧತಿಯಂತೆ ಕೆನ್ನೆಗೆ ಮುತ್ತಿಡಲು ಬಗ್ಗಿದ್ದರಿಂದ ಗುಂಡು ತಲೆಯ ಹಿಂದೆ ಹಾದುಹೋಯಿತೆಂಬುದು ಅವನಿಗೆ ತಿಳಿದದ್ದು ಅವೆನ್ಯೂ ರಸ್ತೆಯಲ್ಲಿ ಇಡೀ ಪ್ರತಿ ಕೊಂಡ ಮೇಲೆ. ಬಗ್ಗುವವರ ಎದುರು ಬಂದೂಕಿನ ಲೆಕ್ಕಾಚಾರವೂ ತಪ್ಪುತ್ತದೆ ಎಂಬುದನ್ನು ಕಚೇರಿಯ ಹಿರಿಯರೊಬ್ಬರು ಬೇರೆ ಅರ್ಥದಲ್ಲಿ ಅವನಿಗೆ ಮೊದಲೇ ಹೇಳಿಕೊಟ್ಟಿದ್ದರು.

1989ರ ‘ಹೌಸ್ ಆಫ್ ಕಾರ್ಡ್ಸ್’ ಬಂದೂಕನ್ನೇ ಬಿಟ್ಟುಕೊಟ್ಟಿತು. ಬರೆದ ಮೈಕೆಲ್ ಡಾಬ್ಸ್, ಆಗಿನ ಬ್ರಿಟಿಷ್ ಪ್ರಧಾನಿ ಥ್ಯಾಚರ್ ಅವರ ಪಕ್ಷದೊಳಗೇ ದುಡಿದು ಮುನಿಸಿಕೊಂಡು ಹೊರಬಂದವನು. ಕಾದಂಬರಿಯ ನಾಯಕ ಫ್ರಾನ್ಸಿಸ್ ಅರ್ಕಹಾರ್ಟ್ ಪಕ್ಷದ ಮುಖ್ಯ ಸಚೇತಕ. ಪ್ರತಿಯೊಬ್ಬ ಸದಸ್ಯನ ದೌರ್ಬಲ್ಯವೂ ಅವನ ಲೆಕ್ಕದಲ್ಲಿದೆ. ಬಿಬಿಸಿ ಅದನ್ನು ಧಾರಾವಾಹಿ ಮಾಡಿ ತೋರಿಸಲು ಶುರುಮಾಡಿದ್ದು 1990ರ ನವೆಂಬರ್ 18ರಂದು. 22ರಂದು ಥ್ಯಾಚರ್ ರಾಜೀನಾಮೆ ಪ್ರಕಟಿಸಿದರು, ಅದೂ ಸ್ವಪಕ್ಷದವರ ಒತ್ತಡದಿಂದ. ಅಷ್ಟು ಚೆನ್ನಾಗಿ ಜಾಹೀರಾತು ಸಿಕ್ಕ ಕಾದಂಬರಿ ಕಡಿಮೆ.

ಇಂಥ ಓದಿಗೆ ಒಂದು ಅಡ್ಡ ಪರಿಣಾಮವುಂಟು. ಸೇವೆಗೆ ಸೇರಿ ಹತ್ತು ವರ್ಷವಾದಾಗ ಈ ಓದುಗನ ಮುಂಬಡ್ತಿಯ ಕಡತ ಕಾಣೆಯಾಯಿತು. ಸಾಮಾನ್ಯ ನೌಕರನಾದರೆ ಸಂಬಂಧಪಟ್ಟವರಿಗೆ ಕಾಫಿ ಕುಡಿಸಿ ಹುಡುಕಿಸುತ್ತಿದ್ದ. ಇವನು ತನಿಖೆಗೆ ಇಳಿದ. ಆವಕ ವಹಿ, ಜಾವಕ ವಹಿ, ಟಪಾಲು ಪುಸ್ತಕ ಎಲ್ಲವನ್ನೂ ಊಟದ ಬಿಡುವಿನಲ್ಲಿ ನಕಲು ಮಾಡಿಕೊಂಡ. ಕಡತ ಕೊನೆಯದಾಗಿ ಕಂಡದ್ದು ಯಾರ ಮೇಜಿನಲ್ಲಿ, ಆ ದಿನ ರಜೆಯಲ್ಲಿದ್ದವರಾರು ಎಂದು ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಹಾಕಿ ನಕ್ಷೆ ಬರೆದ. ಬಾಣಗಳೆಲ್ಲ ಪಕ್ಕದ ಸಹೋದ್ಯೋಗಿಯತ್ತ ತಿರುಗಿದವು. ಜ್ಯೇಷ್ಠತಾ ಪಟ್ಟಿಯಲ್ಲಿ ಇವನ ಕೆಳಗಿನ ಹೆಸರು ಅವರದೇ. ಮೂರು ತಿಂಗಳು ಅವರೊಂದಿಗೆ ಮಾತಿಲ್ಲ. ಆಯುಧಪೂಜೆಗೆ ಕಚೇರಿ ತೊಳೆಯುವಾಗ ಜವಾನ ಬೀರುವನ್ನು ಸರಿಸಿದ. ನೆಲ ತಗ್ಗಾಗಿದ್ದ ಕಡೆ, ಬೀರು ಅಲುಗಾಡದಂತೆ ಕಾಲಿನಡಿ ನಾಲ್ಕು ಮಡಿಕೆ ಕಾಗದ ಇಟ್ಟಿತ್ತು. ಕಾಗದದ ಮೇಲೆ ಇವನ ಹೆಸರು. ದೂಳು ಕೊಡವಿ ತಂದುಕೊಟ್ಟವರು ಆ ಸಹೋದ್ಯೋಗಿಯೇ. “ನಿಮ್ದೇ ನೋಡಿ ಸಾರ್” ಎಂದರು. ಆ ದಿನ ಪೂಜೆಯಾದ ವಸ್ತುಗಳಲ್ಲಿ ದುಂಡು ಮೊಹರೂ ಇತ್ತು, ಕುಂಕುಮದ ಬೊಟ್ಟಿನೊಂದಿಗೆ.

ಮುಂಬಡ್ತಿ ಬಂತು, ವರ್ಗವಾಯಿತು. ಮೇಜು ಬಿಟ್ಟುಕೊಡುವಾಗ ಇವನು ಬರೆದ ಪ್ರಭಾರ ಪಟ್ಟಿಯಲ್ಲಿ ಮೂರನೆಯ ಬಾಬು: ದುಂಡು ಮೊಹರು, ಹಿತ್ತಾಳೆ, 1. ನಾಲ್ಕನೆಯದು: ಮಸಿ ಪ್ಯಾಡು, 1, ಒಣಗಿದ್ದು. ವಹಿಸಿಕೊಂಡವರು ಎರಡಕ್ಕೂ ಸಹಿ ಹಾಕಿದರು.