ಸೈನ್ ಮಾಡೋಕೆ ಮುಂಚೆ ಓದು ಮಗ

ಐದು ವರ್ಷ ಅಂದರೆ ಹೆಚ್ಚೂಕಡಿಮೆ 1826 ದಿನ. ಅದರಲ್ಲಿ ವೋಟು ಹಾಕೋದು ಒಂದು ದಿನ. ಆ ಒಂದು ದಿನಕ್ಕೆ ನಾವು ಮಂಡ್ಯದ ಕಡೆಯವರು ಯಾವತ್ತೂ ಕಮ್ಮಿ ಮಾಡಿದವರಲ್ಲ. ಎಲೆಕ್ಷನ್ ಹಿಂದಿನ ರಾತ್ರಿ ಬೆಂಗಳೂರಿನ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಬಸ್ಸಿನಲ್ಲಿ ಕಾಲಿಡಕ್ಕೆ ಜಾಗ ಇರಲ್ಲ. ಕೆಲವರಿಗೆ ಸ್ಪೆಷಲ್ ಬಸ್ಸೂ ಇರುತ್ತೆ, ಖರ್ಚು ಯಾರದು ಅಂತ ಯಾರೂ ಕೇಳಲ್ಲ. 'ಮಂಡ್ಯ ಅಂದ್ರೆ ಇಂಡಿಯಾ' ಅಂತ ಎದೆ ತಟ್ಟಿಕೊಂಡು ಹೋಗ್ತೀವಿ, ಬೆರಳಿಗೆ ಮಸಿ ಹಾಕಿಸಿಕೊಂಡು ಫೋಟೋ ಹಾಕ್ತೀವಿ, ಸಂಜೆ ಬಸ್ಸಿಗೆ ವಾಪಸ್.

ಉಳಿದ 1825 ದಿನ ಏನು ನಡೆಯುತ್ತೆ? ನನಗೆ ಬಹಳ ದಿನದಿಂದ ಇರುವ ಪ್ರಶ್ನೆ ಇದು. ಪ್ರಜಾಪ್ರಭುತ್ವ ಅನ್ನೋ ದೊಡ್ಡ ಪದವನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನೋಡಿದರೆ, ನಮ್ಮೂರ ಕಡೆ ಅದು ದಿನಾ ನಡೆಯೋ ಒಂದು ಜಾಗ ಕಾಣುತ್ತೆ. ಅದು ಹಾಲಿನ ಡೈರಿ.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಡೀ ಊರು ಕ್ಯಾನ್ ಹಿಡಕೊಂಡು ಸಾಲಿನಲ್ಲಿ ನಿಲ್ಲುತ್ತೆ. ಐದು ಎಕರೆ ಗದ್ದೆ ಇರೋನೂ ಅಲ್ಲೇ, ಒಂದೇ ಹಸು ಇರೋಳೂ ಅಲ್ಲೇ. ಹಾಲು ಅಳೆಯೋದು ಎಲ್ಲರ ಕಣ್ಣೆದುರು, ಫ್ಯಾಟ್ ಎಷ್ಟು ಬಂತು ಅಂತ ಹೇಳೋದೂ ಎಲ್ಲರ ಎದುರು. ಪಾಯಿಂಟ್ ಕಮ್ಮಿ ಬಂದರೆ "ಇನ್ನೊಂದ್ಸಲಿ ನೋಡಣ್ಣ" ಅಂತ ಯಾರು ಬೇಕಾದರೂ ಕೇಳಬಹುದು, ಕೇಳ್ತಾರೆ ಕೂಡ. ಸಂಘದ ನಿರ್ದೇಶಕರನ್ನ ಆರಿಸೋದು ಹಾಲು ಹಾಕೋ ಸದಸ್ಯರೇ. ಬೋನಸ್ ಕಮ್ಮಿಯಾದರೆ ವಾರ್ಷಿಕ ಸಭೆಯಲ್ಲಿ ಕುರ್ಚಿ ಅಲ್ಲಾಡುತ್ತೆ. ಲೆಕ್ಕ ಕೇಳೋದು ಜಗಳ ಅಲ್ಲ, ಅದು ನನ್ನ ಹಕ್ಕು ಅನ್ನೋದನ್ನ ನಮ್ಮೂರ ಹೆಂಗಸರು ಕಲಿತಿದ್ದು ಸಂವಿಧಾನದ ಪುಸ್ತಕದಿಂದ ಅಲ್ಲ, ಈ ಹಾಲಿನ ಸಾಲಿನಿಂದ.

ಕೇಳೋ ಚಾಳಿ ನಮಗೆ ಹೊಸದೂ ಅಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದಾಗ, ತಾಲ್ಲೂಕುಗಳಿಂದ ಜಮೀನುದಾರರು, ವರ್ತಕರು ದಸರಾ ಹೊತ್ತಿಗೆ ಅಹವಾಲು ಹೊತ್ತು ಮೈಸೂರಿಗೆ ಹೋಗ್ತಿದ್ದರು. ಹೋಗ್ತಿದ್ದವರು ಉಳ್ಳವರೇ, ಅದು ಬೇರೆ ಮಾತು. 1980ರಲ್ಲಿ ರೈತ ಸಂಘ ಹುಟ್ಟಿದ ಮೇಲೆ ಹಸಿರು ಶಾಲು ಹೊದ್ದ ಸಾಮಾನ್ಯ ರೈತ ಸರ್ಕಾರಿ ಕಚೇರಿಯೊಳಗೆ ಧೈರ್ಯವಾಗಿ ಕಾಲಿಟ್ಟ. ಸಾಲ ವಸೂಲಿಗೆ ಬರೋ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರುವಂತಿಲ್ಲ ಅಂತ ಊರ ಬಾಗಿಲಲ್ಲಿ ಬೋರ್ಡು ಹಾಕಿದ ಕಾಲ ಅದು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಆ ಚಳವಳಿಯಿಂದ ಬಂದು 1994ರಲ್ಲಿ, ಆಮೇಲೆ 2013ರಲ್ಲಿ ವಿಧಾನಸಭೆಗೆ ಹೋದರು. 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಆದರೆ ಆ ತಾಲ್ಲೂಕಿನಲ್ಲಿ ಕೇಳೋ ಅಭ್ಯಾಸ ತೀರಿಹೋಗಲಿಲ್ಲ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯ ಅಂತ ಅಲ್ಲಿನ ರೈತರು ವರ್ಷಗಟ್ಟಲೆ ಕೂಗಿದರು. ಟ್ರಯಲ್ ಬ್ಲಾಸ್ಟ್ ಮಾಡಕ್ಕೆ ಹೊರಟಾಗ ರಸ್ತೆಗೆ ಬಂದು ನಿಂತರು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ಆದೇಶ ಮಾಡಿತು. ಆ ಅಣೆಕಟ್ಟೆಯ ನೀರನ್ನೇ ಬೆಂಗಳೂರಿನಲ್ಲಿ ಕುಡಿಯೋ ನಮ್ಮಲ್ಲಿ ಎಷ್ಟು ಜನಕ್ಕೆ ಬೇಬಿ ಬೆಟ್ಟ ಎಲ್ಲಿದೆ ಅಂತ ಗೊತ್ತು?

ಹೋರಾಟ ಮಾತ್ರ ಅಲ್ಲ, ಕಟ್ಟೋ ಕೆಲಸವೂ ಅದೇ ತಾಲ್ಲೂಕಿನಲ್ಲಿದೆ. ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳ ಉಳಿಸಿ, ಮೈಸೂರಿನ ಸೈಟು ಮಾರಿ 'ಪುಸ್ತಕ ಮನೆ' ಕಟ್ಟಿದರು. ಇವತ್ತು ಅಲ್ಲಿ ಲಕ್ಷಗಟ್ಟಲೆ ಪುಸ್ತಕ ಇವೆ, ಓದೋರಿಗೆ ಒಂದು ರೂಪಾಯಿ ಫೀಸಿಲ್ಲ. 2026ರಲ್ಲಿ ಪದ್ಮಶ್ರೀಯೂ ಬಂತು. ಲೈಬ್ರರಿಗೂ ಪ್ರಜಾಪ್ರಭುತ್ವಕ್ಕೂ ಏನು ಸಂಬಂಧ ಅಂತ ಕೇಳಬಹುದು. ಯಾರು ಬೇಕಾದರೂ ಬಂದು ಕೂರಬಹುದಾದ, ಜಾತಿ ಕೇಳದ, ದುಡ್ಡು ಕೇಳದ ಜಾಗ ನಿಮ್ಮ ಊರಲ್ಲಿ ಎಷ್ಟಿವೆ ಅಂತ ಲೆಕ್ಕ ಹಾಕಿ, ಉತ್ತರ ಸಿಗುತ್ತೆ. ಅರಳಿಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ ಅನ್ನೋದನ್ನ ನೆನಪಿಡಬೇಕು.

ಅದನ್ನ ಮರೆತೇ ನಾವು 'ಹಳ್ಳಿ ಸಮುದಾಯ' ಅಂತ ಭಾವುಕರಾಗೋದು. ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿ ಗಣರಾಜ್ಯದ ಕನಸನ್ನ ಕಟುವಾಗಿ ಟೀಕಿಸಿದ್ದರು. ಕಟ್ಟೆ ಮೇಲೆ ಕೂತು 'ನ್ಯಾಯ' ಹೇಳ್ತಿದ್ದೋರು ಯಾರು, ಕೈಕಟ್ಟಿ ಕೆಳಗೆ ನಿಂತಿದ್ದೋರು ಯಾರು ಅನ್ನೋದು ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. 2020ರ ಮೇ ತಿಂಗಳಲ್ಲಿ ಅದನ್ನ ನಾವೂ ನೋಡಿದ್ವಿ. ಮುಂಬೈಯಲ್ಲಿ ಹೋಟೆಲ್ ಕೆಲಸ, ಆಟೋ ಓಡಿಸೋದು ಮಾಡ್ಕೊಂಡಿದ್ದ ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಜನ ಲಾಕ್‌ಡೌನಿನಲ್ಲಿ ಊರಿಗೆ ಬಂದರು. ಹಬ್ಬಕ್ಕೆ ಬಂದಾಗ ಊಟಕ್ಕೆ ಕರೀತಿದ್ದ ಊರೇ ಬೇಲಿ ಎಳೆದು ದಾರಿ ಮುಚ್ಚಿತು. ಅದೇ ಊರಿನ ಆಶಾ ಕಾರ್ಯಕರ್ತೆ ಹಾಸ್ಟೆಲಿನ ಕ್ವಾರಂಟೈನ್‌ಗೆ ದಿನಾ ಹೋಗಿ ಬಂದಳು. ಪಂಚಾಯಿತಿಯ ಟಾಸ್ಕ್ ಫೋರ್ಸ್ ರೇಷನ್ ಲೆಕ್ಕ ಹಾಕಿತು. ಸಮುದಾಯ ತಾನಾಗೇ ಒಳ್ಳೇದೂ ಅಲ್ಲ, ಕೆಟ್ಟದೂ ಅಲ್ಲ. ಅದಕ್ಕೊಂದು ನಿಯಮ, ಒಂದು ಪುಸ್ತಕ, ಎಲ್ಲರಿಗೂ ಒಂದು ಕುರ್ಚಿ ಇದ್ದಾಗ ಸ್ವಲ್ಪ ಒಳ್ಳೇದಾಗುತ್ತೆ.

ಆ ನಿಯಮ, ಆ ಪುಸ್ತಕ, ಆ ಕುರ್ಚಿ ಕಾನೂನಿನಲ್ಲಿ ಇದೆ. ಹೆಸರು ಗ್ರಾಮಸಭೆ. ಸಂವಿಧಾನದ 243ಎ ವಿಧಿಯಲ್ಲಿ ಬಂದ ಸಭೆ ಇದು. ಊರಿನ ಮತದಾರರೆಲ್ಲ ಇದರ ಸದಸ್ಯರು. ವರ್ಷಕ್ಕೆ ಕನಿಷ್ಠ ಎರಡು ಸಲ ನಡೀಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಮನೆ ಯಾರಿಗೆ ಕೊಡಬೇಕು ಅನ್ನೋ ಪಟ್ಟಿ ಇಲ್ಲೇ ತೀರ್ಮಾನ ಆಗಬೇಕು. ಇದು ಕಾನೂನು. ನಮ್ಮ ಪಂಚಾಯಿತಿಯಲ್ಲಿ ನಡೀತಿದ್ದದ್ದು ಬೇರೆ. ಸಭೆಯಾದ ಮೇಲೆ ಒಬ್ಬರು ಹಾಜರಿ ಪುಸ್ತಕ ಹಿಡಕೊಂಡು ಮನೆ ಮನೆಗೆ ಬರೋರು. ಜನ ಹಟ್ಟಿ ಬಾಗಿಲಲ್ಲೇ ಸೈನ್ ಹಾಕಿ ಕಳಿಸೋರು. ಕೋರಂ ಭರ್ತಿ, ಸಭೆ ಯಶಸ್ವಿ.

ನಮ್ಮ ಚಿಕ್ಕಮ್ಮ ಸ್ತ್ರೀಶಕ್ತಿ ಸಂಘದಲ್ಲಿರೋಳು. ಓದಿದ್ದು ಏಳನೇ ಕ್ಲಾಸು. ಸಂಘದ ಸಾಲದ ಪುಸ್ತಕ ಬರೆದೂ ಬರೆದೂ ಅವಳಿಗೆ ಒಂದು ಅಭ್ಯಾಸ ಆಗಿಬಿಟ್ಟಿದೆ, ಓದದೆ ಸೈನ್ ಮಾಡಲ್ಲ. ಒಂದು ಸಲ ನಾನು ಊರಲ್ಲಿದ್ದಾಗ ಪುಸ್ತಕ ಬಂತು. ನಾನು ಪೆನ್ನು ತಕ್ಕೊಟ್ಟೆ.

"ಸೈನ್ ಮಾಡೋಕೆ ಮುಂಚೆ ಏನ್ ಬರ್ದವ್ರೆ ಅಂತ ಓದು ಮಗ" ಅಂದಳು.

ಓದಿದೆ. ಮೇಲೆ ತಾರೀಕು, ಕೆಳಗೆ ಖಾಲಿ ಗೆರೆ. ತೀರ್ಮಾನ ಅಂತ ಏನೂ ಬರೆದಿರಲಿಲ್ಲ.

"ಖಾಲಿ ಹಾಳೆಗೆ ಯಾವೋನ್ಲಾ ಸೈನ್ ಹಾಕ್ತಾನೆ? ಸಂಘದಲ್ಲಿ ನೂರು ರುಪಾಯ್ ಸಾಲ ಕೊಡಕ್ಕೂ ಬರ್ಕೊಂಡು ಓದಿ ಹೇಳ್ತೀವಿ ಕನ. ಮುಂದಿನ ಸಭೆಗೆ ನಾವೇ ಬತ್ತೀವಿ ಅಂತ ಹೇಳು" ಅಂತ ಪುಸ್ತಕ ವಾಪಸ್ ಕಳಿಸಿದಳು.

ಮುಂದಿನ ಸಭೆಗೆ ಸಂಘದ ಹೆಂಗಸರೆಲ್ಲ ಹೋದರು, ರಜೆ ಹಾಕಿ ನಾನೂ ಹೋದೆ. ಮನೆ ಪಟ್ಟಿ ಓದಿ ಅಂತ ಚಿಕ್ಕಮ್ಮ ಎದ್ದು ಕೇಳಿದಳು. ಓದಿದರು. ಅದರಲ್ಲಿ ಆಗಲೇ ಆರ್‌ಸಿಸಿ ಮನೆ ಇದ್ದ ಒಬ್ಬರ ಹೆಸರಿತ್ತು. ನಮ್ಮ ಬೀದಿಯ ಕೊನೇಲಿ ಹೆಂಚು ಒಡೆದ ಮನೇಲಿ ಇಬ್ಬರು ಮಕ್ಕಳನ್ನ ಇಟ್ಟುಕೊಂಡಿದ್ದ ವಿಧವೆಯ ಹೆಸರಿರಲಿಲ್ಲ. ಚಿಕ್ಕಮ್ಮ ಗಲಾಟೆ ಮಾಡಲಿಲ್ಲ. "ಈ ಎರಡು ಮನೇನೂ ಇಲ್ಲಿರೋರೆಲ್ಲ ನೋಡಿದೀರಿ. ಯಾರಿಗೆ ಬೇಕು ಅಂತ ನೀವೇ ಹೇಳಿ" ಅಂದಳು ಅಷ್ಟೇ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜ "ಆಯಮ್ಮುಂದು ಬರ್ಕಳಿ" ಅಂದರು. ಬರೆದುಕೊಂಡರು. ತೀರ್ಮಾನ ಓದಿ ಹೇಳೋವರೆಗೂ ಹೆಂಗಸರು ಏಳಲಿಲ್ಲ.

ಇದನ್ನ ಗೆಲುವಿನ ಕಥೆ ಅಂತ ಮುಗಿಸಿಬಿಡಬಹುದು. ಆದರೆ ಪಟ್ಟಿಯಿಂದ ಹೆಸರು ಬಿಟ್ಟುಹೋದವರು ನಮ್ಮ ಸಂಬಂಧಿಕರೇ. ಆರು ತಿಂಗಳು ಚಿಕ್ಕಮ್ಮನ ಹತ್ತಿರ ಮಾತು ಬಿಟ್ಟರು, ಮಗಳ ಮದುವೆಗೆ ಕರೀಲಿಲ್ಲ. ಆನ್‌ಲೈನಲ್ಲಿ ನಾವು ಬರೆಯೋ ಖಾರದ ಮಾತಿಗೆ ಇಂಥ ಬೆಲೆ ಕಟ್ಟಬೇಕಾಗಿಲ್ಲ. ದಿನಾ ಬೆಳಗಾದರೆ ಅದೇ ನಲ್ಲಿ, ಅದೇ ಡೈರಿಯಲ್ಲಿ ಮುಖ ನೋಡಬೇಕಾದ ಜನರ ಎದುರು ನ್ಯಾಯ ಕೇಳೋದು ಬೇರೆ ಥರದ ಧೈರ್ಯ. ಒಬ್ಬಳೇ ಹೋಗಿದ್ದರೆ ಅವಳಿಗೂ ಆಗ್ತಿರಲಿಲ್ಲ. ಹತ್ತು ಜನ ಜೊತೆಗಿದ್ದರು. 2010ರಿಂದ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಅರ್ಧ ಸೀಟು ಇದೆ. ಎಷ್ಟೋ ಕಡೆ ಅಧ್ಯಕ್ಷೆಯ ಗಂಡನೇ ಅಧ್ಯಕ್ಷ ಅನ್ನೋದು ಗೊತ್ತಿರೋ ವಿಷಯ. ಎದುರಿಗೆ ಕೂತಿರೋ ಹೆಂಗಸರು ಪ್ರಶ್ನೆ ಕೇಳಕ್ಕೆ ಶುರುಮಾಡಿದಾಗ ಕುರ್ಚಿಯಲ್ಲಿರೋ ಹೆಂಗಸಿಗೂ ಉತ್ತರ ಹೇಳೋ ಧೈರ್ಯ ಬರುತ್ತೆ. ಅವತ್ತು ನಾನದನ್ನ ಕಣ್ಣಾರೆ ನೋಡಿದೆ.

ಹಳ್ಳಿಗೆ ಈ ಸಭೆಯಾದರೂ ಇದೆ. ಪೇಟೆಗಳ ಕಥೆ ನೋಡಿ. 243ಎಸ್ ವಿಧಿ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಇರೋದು 3 ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ಊರಿಗೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಪುರಸಭೆ. ನಾಲ್ಕನ್ನೂ ಕೂಡಿಸಿದರೂ 3 ಲಕ್ಷ ಆಗಲ್ಲ. ಶ್ರೀರಂಗಪಟ್ಟಣದ ನದಿ ದಂಡೆಗೆ ಅಸ್ಥಿ ಬಿಡಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ಬಟ್ಟೆ ಬಿಟ್ಟು ಹೋಗ್ತಾರೆ. ಅದರ ಪಕ್ಕದಲ್ಲೇ ಬದುಕೋ ಬೀದಿಯವರು ಒಟ್ಟಿಗೆ ಕೂತು ಇದಕ್ಕೇನು ಮಾಡೋದು ಅಂತ ತೀರ್ಮಾನಿಸಕ್ಕೆ ಗ್ರಾಮಸಭೆಯಂಥ ಒಂದು ಜಾಗ ಇಲ್ಲ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಿನಲ್ಲಿ ಗಲಭೆಯಾಗಿ ಅಂಗಡಿಗಳು, ವಾಹನಗಳು ಸುಟ್ಟವು. ಇಂಥದ್ದಾದ ಮೇಲೆ ಶಾಂತಿ ಸಭೆ ಕರೀತಾರೆ, ಮುಖಂಡರು ಬಂದು ಕೂರ್ತಾರೆ. ಒಳ್ಳೇದೇ. ಆದರೆ ಎರಡೂ ಬೀದಿಯ ಜನ ಚರಂಡಿಗೋ ಬೀದಿದೀಪಕ್ಕೋ ವರ್ಷಕ್ಕೆ ನಾಲ್ಕು ಸಲ ಒಂದೇ ಬೆಂಚಿನಲ್ಲಿ ಕೂತು ಜಗಳ ಆಡಿದ್ದಿದ್ದರೆ, ಮೆರವಣಿಗೆ ದಿನ ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಹತ್ತಿರ ಇರ್ತಿತ್ತು. ಬೆಂಕಿ ಹತ್ತೋದು ಅದರಿಂದಲೇ ನಿಲ್ಲುತ್ತೆ ಅಂತ ಹೇಳಲ್ಲ. ಆದರೆ ಫೋನ್ ಮಾಡಕ್ಕೆ ಒಬ್ಬರಾದರೂ ಇರಬೇಕಲ್ಲ.

ಬೆಂಗಳೂರಿನಲ್ಲಿರೋ ನಾವೂ ಬೀಗೋ ಹಾಗಿಲ್ಲ. ಇಲ್ಲಿ ಪಾಲಿಕೆಗೆ ಚುನಾವಣೆ ನಡೆದಿದ್ದು 2015ರಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದ ಊರಿನಲ್ಲಿ ನಾವು ತೆರಿಗೆ ಕಟ್ಟಿದ್ವಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿದ ಮೇಲೆ ಅಲ್ಲೂ ಇದೇ ಪಾಡು. ಇದರ ಬಗ್ಗೆ ನಮಗೆ ಸಿಟ್ಟು ಬಂದಿದ್ದು ಬಹಳ ಕಮ್ಮಿ.

ನಿಮ್ಮ ವೋಟು ಇನ್ನೂ ಊರಲ್ಲೇ ಇದ್ದರೆ, ಅಲ್ಲಿನ ಗ್ರಾಮಸಭೆಗೆ ನೀವೂ ಸದಸ್ಯರು. ಮುಂದಿನ ಸಭೆ ಯಾವತ್ತು ಅಂತ ಪಿಡಿಒಗೆ ಫೋನ್ ಮಾಡಿ ಕೇಳಿ. ಹೋದ ಸಲದ ನಡಾವಳಿ ಕೇಳಿ, ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. ಸಿಕ್ಕಿದ ಹಾಳೆಯನ್ನ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯೆ ಅದೂ ಒಂದಿರಲಿ. ಭಾಷಣ ಮಾಡಕ್ಕೆ ಹೋಗಬೇಡಿ, ಊರಲ್ಲಿರೋರಿಗೆ ನಮಗಿಂತ ಜಾಸ್ತಿ ಗೊತ್ತು. ನಾವು ಮಾಡಬಹುದಾದ್ದು ಜೊತೆಗೆ ಹೋಗಿ ಕೂರೋದು. ಕೇಳೋರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಭರ್ತಿಯಾಗಿದ್ದರೆ, ಕೇಳೋರ ದನಿ ಸ್ವಲ್ಪ ಗಟ್ಟಿಯಾಗುತ್ತೆ.