ಚಾಡಿಕೋರ

ತ್ಯಾವಣಿಗೆಯ ಮನೆಯೊಂದರಲ್ಲಿ ಪ್ರಾರ್ಥನೆ ಮುಗಿಸಿ ಹೊರಡುವಾಗ ಪುಟ್ಟ ಹುಡುಗಿಯೊಬ್ಬಳು ನನ್ನ ನಿಲುವಂಗಿ ಜಗ್ಗಿ, "ಫಾದರ್, ಅಣ್ಣ ದಿನಾ ಚಾನಲ್‌ನಲ್ಲಿ ಈಜಕ್ಕೆ ಹೋಗ್ತಾನೆ, ಅಮ್ಮಂಗೆ ಗೊತ್ತಿಲ್ಲ" ಎಂದಳು. "ಚಾಡಿಕೋರಿ!" ಎಂದು ಅಣ್ಣ ಹಲ್ಲು ಕಡಿದ.

ಆ ಮಾತು ನನಗೂ ತಾಗಿತು. ಗುರುಮಠದಲ್ಲಿದ್ದಾಗ ಸಹಪಾಠಿಯೊಬ್ಬ ರಾತ್ರಿ ಗೋಡೆ ಹಾರಿ ಸಿನಿಮಾಕ್ಕೆ ಹೋದದ್ದನ್ನು ನಾನು ಮೇಲಿನವರಿಗೆ ಅರುಹಿದ್ದೆ. ಅವನನ್ನು ಮನೆಗೆ ಕಳುಹಿಸಿದರು. ನಿಯಮಪಾಲನೆಗಾಗಿ ಹೇಳಿದೆನೆಂದು ಆಗ ನಂಬಿದ್ದೆ. ಅವನು ನನಗಿಂತ ಚೆನ್ನಾಗಿ ಹಾಡುತ್ತಿದ್ದನೆಂಬುದೂ ನಿಜ. ಮರುದಿನ ನನ್ನ ಮೇಜಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ 'ಸ್ನಿಚ್' ಎಂದು ಬರೆದಿದ್ದರು. ನಿಘಂಟು ತೆರೆದೆ. ಇಂಗ್ಲಿಷ್ ಆಡುನುಡಿಯಲ್ಲಿ ಅದು ಮೊದಲು ಮೂಗು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಸುಳಿವು ಕೊಡುವವನೂ ಆಯಿತು. ಪರರ ವಿಷಯದಲ್ಲಿ ಮೂಗು ತೂರಿಸುವವನಿಗೆ ಒಪ್ಪುವ ಹೆಸರೇ.

ನಮ್ಮ ಪದ ಇನ್ನೂ ಕಠೋರ. ಲಂಚಕೋರ, ಚಾಡಿಕೋರ ಎಂಬಲ್ಲಿನ 'ಕೋರ' ಪಾರಸಿಯಿಂದ ಬಂದದ್ದು, ತಿನ್ನುವವನು ಎಂದರ್ಥ. ದಾನಿಯೇಲನ ಗ್ರಂಥದ ಅರಮಾಯಿಕ್ ಮೂಲದಲ್ಲಿಯೂ ದೂರು ಹೇಳಿದವರು ದಾನಿಯೇಲನ 'ತುಣುಕುಗಳನ್ನು ತಿಂದರು' ಎಂದೇ ಇದೆ. ಕೊನೆಗೆ ಆ ದೂರುಗಾರರೇ ಸಿಂಹಗಳ ಬಾಯಿಗೆ ಬಿದ್ದರು. ನಾನು ಬೀಳಲಿಲ್ಲ, ನನಗೆ ಗುರುದೀಕ್ಷೆಯಾಯಿತು. ಅವನಿಗೆ ಪತ್ರ ಬರೆಯಲು ಹನ್ನೊಂದು ವರ್ಷ ಹಿಡಿಯಿತು. ಉತ್ತರ ಬರಲಿಲ್ಲ.

ಅಂದು ಭದ್ರಾ ಚಾನಲ್ ತುಂಬಿ ಹರಿಯುತ್ತಿತ್ತು. ಹುಡುಗನ ತಾಯಿಯನ್ನು ಕರೆದು ವಿಷಯ ತಿಳಿಸಿಯೇ ಹೊರಟೆ. ಹುಡುಗ ನನ್ನತ್ತ ನೋಡಲಿಲ್ಲ.